ಮಹಾಪಧಮನಿಯ ಉಬ್ಬು: ಹೊಟ್ಟೆ ತೆರೆಯುವುದೋ, ತೊಡೆಸಂದಿನಿಂದ ಕೊಳವೆ ತೂರಿಸುವುದೋ?

1955ರ ಏಪ್ರಿಲ್ ತಿಂಗಳು. ಅಮೆರಿಕದ ಪ್ರಿನ್ಸ್‌ಟನ್ ಆಸ್ಪತ್ರೆಯಲ್ಲಿ 76 ವರ್ಷದ ಆಲ್ಬರ್ಟ್ ಐನ್‌ಸ್ಟೈನ್ ತೀವ್ರ ನೋವಿನಿಂದ ಮಲಗಿದ್ದರು. ಹೊಟ್ಟೆಯೊಳಗೆ ಹಾದುಹೋಗುವ ಮಹಾಪಧಮನಿಯ ಉಬ್ಬು ಒಡೆದು ರಕ್ತ ಸೋರತೊಡಗಿತ್ತು. ನ್ಯೂಯಾರ್ಕಿನಿಂದ ಬಂದ ಶಸ್ತ್ರಚಿಕಿತ್ಸಕ ಫ್ರಾಂಕ್ ಗ್ಲೆನ್ ಶಸ್ತ್ರಚಿಕಿತ್ಸೆ ಮಾಡಬಹುದೆಂದರು. ಐನ್‌ಸ್ಟೈನ್ ಒಪ್ಪಲಿಲ್ಲ. ಏಪ್ರಿಲ್ 18ರಂದು ಕೊನೆಯುಸಿರೆಳೆದರು. ಅದಕ್ಕೂ ಆರು ವರ್ಷಗಳ ಹಿಂದೆ, 1948ರ ಡಿಸೆಂಬರಿನಲ್ಲಿ, ರುಡಾಲ್ಫ್ ನಿಸೆನ್ ಎಂಬ ಸರ್ಜನ್ ಬ್ರೂಕ್ಲಿನ್‌ನಲ್ಲಿ ಅವರ ಹೊಟ್ಟೆ ತೆರೆದು ಆ ಉಬ್ಬಿನ ಸುತ್ತ ಸೆಲ್ಲೋಫೇನ್ ಹಾಳೆಯನ್ನು ಸುತ್ತಿದ್ದರು. ಆ ಹಾಳೆ ಸುತ್ತಲಿನ ಅಂಗಾಂಶವನ್ನು ಕೆರಳಿಸಿ ಗಟ್ಟಿ ಪದರವೊಂದನ್ನು ಬೆಳೆಸುತ್ತದೆ, ಅದರಿಂದ ಗೋಡೆಗೆ ಬಲ ಬರುತ್ತದೆ ಎಂಬುದು ಅಂದಿನ ಲೆಕ್ಕಾಚಾರ. ಆಗ ವೈದ್ಯಲೋಕದ ಕೈಯಲ್ಲಿ ಅದಕ್ಕಿಂತ ಹೆಚ್ಚಿನದು ಇರಲಿಲ್ಲ.

ಅರ್ಧ ಶತಮಾನ ಕಳೆಯಿತು. 2005ರ ಡಿಸೆಂಬರ್ 31ರಂದು ಹ್ಯೂಸ್ಟನ್ ನಗರದಲ್ಲಿ 97 ವರ್ಷದ ಹಿರಿಯ ಸರ್ಜನ್ ಮೈಕೆಲ್ ಡಿಬೇಕಿ ಅವರಿಗೆ ಎದೆ ಹಾಗೂ ಕುತ್ತಿಗೆಯಲ್ಲಿ ಸೀಳುವಂಥ ನೋವು ಕಾಣಿಸಿಕೊಂಡಿತು. ಏನಾಗಿದೆ ಎಂಬುದು ಅವರಿಗೆ ತಕ್ಷಣ ಹೊಳೆಯಿತು. ಮಹಾಪಧಮನಿಯ ಒಳಪದರ ಸೀಳಿತ್ತು. ಈ ಕಾಯಿಲೆಗೆ ಶಸ್ತ್ರಚಿಕಿತ್ಸೆಯನ್ನು 1950ರ ದಶಕದಲ್ಲಿ ರೂಪಿಸಿದವರಲ್ಲಿ ಅವರೇ ಪ್ರಮುಖರು. ಆದರೂ ಆ ವಯಸ್ಸಿನಲ್ಲಿ ಆ ಶಸ್ತ್ರಚಿಕಿತ್ಸೆಗೆ ಒಳಗಾಗಲು ಅವರು ಮೊದಲು ಸಿದ್ಧರಿರಲಿಲ್ಲ. ಪ್ರಜ್ಞೆ ತಪ್ಪುವ ಸ್ಥಿತಿ ಬಂದಾಗ, ವೈದ್ಯರ ನಡುವಿನ ಬಿರುಸಿನ ಚರ್ಚೆಯ ಬಳಿಕ, 2006ರ ಫೆಬ್ರವರಿಯಲ್ಲಿ ಸುಮಾರು ಏಳು ಗಂಟೆಗಳ ಶಸ್ತ್ರಚಿಕಿತ್ಸೆ ನಡೆಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಹೊರಬಂದ ಡಿಬೇಕಿ, 2008ರ ಜುಲೈ 11ರಂದು, ನೂರು ತುಂಬಲು ಎರಡು ತಿಂಗಳಷ್ಟೇ ಇದ್ದಾಗ ನಿಧನರಾದರು.

ಐನ್‌ಸ್ಟೈನ್ ಎದುರಿಗೆ ಇರದಿದ್ದ ಇನ್ನೊಂದು ದಾರಿ ಇಂದಿನ ರೋಗಿಯ ಎದುರಿಗಿದೆ. ಹೊಟ್ಟೆಯನ್ನಾಗಲಿ ಎದೆಯನ್ನಾಗಲಿ ತೆರೆಯದೆ, ತೊಡೆಸಂದಿನ ರಕ್ತನಾಳದ ಮೂಲಕ ಮಡಿಸಿದ ಕೃತಕ ನಾಳವನ್ನು ಒಳಗೆ ಕಳುಹಿಸಿ, ಉಬ್ಬಿದ ಜಾಗದಲ್ಲಿ ಅರಳಿಸುವ ವಿಧಾನ ಅದು. ಗಾಯ ಚಿಕ್ಕದು, ನೋವು ಕಡಿಮೆ, ಎರಡು ಮೂರು ದಿನಗಳಲ್ಲಿ ಮನೆ. ಕೇಳಿದ ಯಾರಿಗೂ ಆಯ್ಕೆ ಸುಲಭವೆಂದೇ ಅನಿಸುತ್ತದೆ. ಆದರೆ ಹದಿನೈದು ವರ್ಷಗಳವರೆಗೆ ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನಗಳು ಬೇರೆಯದೇ ಕಥೆ ಹೇಳುತ್ತವೆ.

ಸದ್ದಿಲ್ಲದೆ ಬೆಳೆಯುವ ಉಬ್ಬು

ಹೃದಯದ ಎಡ ಹೃತ್ಕುಕ್ಷಿಯಿಂದ ಹೊರಡುವ ಮಹಾಪಧಮನಿ ದೇಹದ ಅತಿ ದೊಡ್ಡ ರಕ್ತನಾಳ. ಮೊದಲು ಮೇಲಕ್ಕೇರಿ, ಕೊಡೆಯ ಹಿಡಿಯಂತೆ ಬಾಗಿ, ಬೆನ್ನುಮೂಳೆಯ ಮುಂದೆ ಎದೆಯನ್ನು ಹಾದು, ವಪೆಯನ್ನು ದಾಟಿ ಹೊಟ್ಟೆಗೆ ಇಳಿಯುತ್ತದೆ. ಹೊಕ್ಕುಳಿನ ಆಸುಪಾಸಿನಲ್ಲಿ ಎರಡು ಕವಲಾಗಿ ಕಾಲುಗಳತ್ತ ಸಾಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ 2 ಸೆಂಟಿಮೀಟರ್. ಅದು 3 ಸೆಂ.ಮೀ. ಮುಟ್ಟಿದರೆ ವೈದ್ಯರು ‘ಅನ್ಯೂರಿಸಂ’ ಎನ್ನುತ್ತಾರೆ. ಸವೆದ ಸೈಕಲ್ ಟೈರಿನ ಬಿರುಕಿನಿಂದ ಟ್ಯೂಬು ಹೊರಗೆ ಉಬ್ಬಿರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳಗಿನ ಒತ್ತಡ ಅಷ್ಟೇ ಇದ್ದರೂ ಉಬ್ಬು ಹಿಗ್ಗಿದಷ್ಟೂ ಗೋಡೆಯ ಮೇಲಿನ ಸೆಳೆತ ಏರುತ್ತದೆ. ಸೆಳೆತ ಏರಿದಷ್ಟೂ ಉಬ್ಬು ಹಿಗ್ಗುತ್ತದೆ.

ಧೂಮಪಾನ ಇದರ ಮುಖ್ಯ ಕಾರಣ. 65 ದಾಟಿದ ವಯಸ್ಸು, ಪುರುಷನಾಗಿರುವುದು, ಅಧಿಕ ರಕ್ತದೊತ್ತಡ, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಇದೇ ಕಾಯಿಲೆ ಇದ್ದಿರುವುದು ಉಳಿದ ಕಾರಣಗಳು. ವಿಚಿತ್ರವೆಂದರೆ, ಬಹುತೇಕ ರಕ್ತನಾಳಗಳನ್ನು ಹಾಳುಗೆಡಹುವ ಮಧುಮೇಹ ಇರುವವರಲ್ಲಿ ಹೊಟ್ಟೆಯ ಈ ಉಬ್ಬು ಕಡಿಮೆ ಪ್ರಮಾಣದಲ್ಲಿ ಕಂಡುಬರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸಮಾಧಾನ ಹೇಳಬಹುದಾದ ಅಪರೂಪದ ಸಂಗತಿಗಳಲ್ಲಿ ಇದೂ ಒಂದು.

ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಮೂತ್ರಕೋಶದ ಕಲ್ಲಿಗೋ ಪ್ರಾಸ್ಟೇಟ್ ತೊಂದರೆಗೋ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿದಾಗ ಉಬ್ಬು ಆಕಸ್ಮಿಕವಾಗಿ ಪತ್ತೆಯಾಗುತ್ತದೆ. ಒಡೆದರೆ ಮಾತ್ರ ಪರಿಸ್ಥಿತಿ ಘೋರ. ಆಸ್ಪತ್ರೆ ತಲುಪುವ ಮುನ್ನವೇ ಸಾಯುವವರನ್ನೂ ಸೇರಿಸಿದರೆ ಹತ್ತರಲ್ಲಿ ಸುಮಾರು ಎಂಟು ಮಂದಿ ಉಳಿಯುವುದಿಲ್ಲ. ಈ ಕಾರಣಕ್ಕೇ ಇಂಗ್ಲೆಂಡಿನಲ್ಲಿ 2009ರಿಂದ ಹಂತಹಂತವಾಗಿ, 65 ತುಂಬಿದ ಪುರುಷರೆಲ್ಲರಿಗೂ ಒಂದು ಬಾರಿ ಅಲ್ಟ್ರಾಸೌಂಡ್ ತಪಾಸಣೆ ಜಾರಿಗೆ ಬಂತು.

ಹಾಗೆಂದು ಉಬ್ಬು ಕಂಡ ಕೂಡಲೇ ಚಾಕು ಹಿಡಿಯಬೇಕಿಲ್ಲ. 4ರಿಂದ 5.5 ಸೆಂ.ಮೀ. ಅಳತೆಯ ಉಬ್ಬನ್ನು ಬೇಗನೆ ತೆಗೆದರೆ ಆಯುಷ್ಯ ಹೆಚ್ಚುವುದೇ ಎಂಬುದನ್ನು ಬ್ರಿಟನ್ ಮತ್ತು ಅಮೆರಿಕದ ಎರಡು ದೊಡ್ಡ ಪ್ರಯೋಗಗಳು ಪರೀಕ್ಷಿಸಿದವು. 2002ರಲ್ಲಿ ಪ್ರಕಟವಾದ ಅವುಗಳ ಫಲಿತಾಂಶ ಒಂದೇ ಆಗಿತ್ತು: ಹೆಚ್ಚುವುದಿಲ್ಲ. ಆದ್ದರಿಂದ ಪುರುಷರಲ್ಲಿ 5.5 ಸೆಂ.ಮೀ., ಮಹಿಳೆಯರಲ್ಲಿ 5 ಸೆಂ.ಮೀ. ತಲುಪುವವರೆಗೆ ರಕ್ತದೊತ್ತಡ ಹತೋಟಿಯಲ್ಲಿಟ್ಟು, ಬೀಡಿ ಸಿಗರೇಟು ಬಿಡಿಸಿ, ನಿಯತವಾಗಿ ಅಳತೆ ನೋಡುತ್ತಿರುವುದೇ ಚಿಕಿತ್ಸೆ. ಉಬ್ಬು ವೇಗವಾಗಿ ಹಿಗ್ಗುತ್ತಿದ್ದರೆ ಅಥವಾ ನೋವು ಕೊಡುತ್ತಿದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ.

ಹೊಲಿಗೆ ಯಂತ್ರದಲ್ಲಿ ಹುಟ್ಟಿದ ನಾಳ

1951ರ ಮಾರ್ಚ್ 29ರಂದು ಪ್ಯಾರಿಸ್‌ನಲ್ಲಿ ಚಾರ್ಲ್ಸ್ ಡ್ಯೂಬೋ ಎಂಬ ಸರ್ಜನ್ ಹೊಟ್ಟೆಯ ಮಹಾಪಧಮನಿಯ ಉಬ್ಬನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಮೃತ ವ್ಯಕ್ತಿಯೊಬ್ಬರಿಂದ ಪಡೆದ ನಾಳವನ್ನು ಹೊಲಿದು ಯಶಸ್ವಿಯಾದರು. ಆದರೆ ಮೃತರಿಂದ ಪಡೆದ ನಾಳಗಳು ಎಲ್ಲರಿಗೂ ಸಿಗುವಂಥವಲ್ಲ. ಸಿಕ್ಕರೂ ಕಾಲಾಂತರದಲ್ಲಿ ಶಿಥಿಲವಾಗುತ್ತಿದ್ದವು. ಮರುವರ್ಷ ನ್ಯೂಯಾರ್ಕಿನ ಆರ್ಥರ್ ವೂರ್ಹೀಸ್ ಮತ್ತು ಸಂಗಡಿಗರು ಬಟ್ಟೆಯ ನಾಳವನ್ನು ಬಳಸಬಹುದೆಂದು ಪ್ರಾಣಿಗಳಲ್ಲಿ ತೋರಿಸಿಕೊಟ್ಟರು. ಡಿಬೇಕಿ ಹ್ಯೂಸ್ಟನ್ನಿನ ಬಟ್ಟೆ ಅಂಗಡಿಗೆ ನೈಲಾನ್ ಕೊಳ್ಳಲು ಹೋಗಿ, ಅದು ಮುಗಿದಿದ್ದರಿಂದ ಡೆಕ್ರಾನ್ ಎಂಬ ಹೊಸ ಪಾಲಿಯೆಸ್ಟರ್ ಬಟ್ಟೆ ತಂದು, ಮನೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರದಲ್ಲಿ ನಾಳ ಹೊಲಿದ ಸಂಗತಿ ಶಸ್ತ್ರಚಿಕಿತ್ಸೆಯ ಇತಿಹಾಸದಲ್ಲಿ ಪ್ರಸಿದ್ಧ. ನೈಲಾನ್ ಸಿಕ್ಕಿದ್ದರೆ ಏನಾಗುತ್ತಿತ್ತೋ. ಅದು ದೇಹದೊಳಗೆ ಬಲ ಕಳೆದುಕೊಳ್ಳುತ್ತದೆಂದು ಬಳಿಕ ತಿಳಿಯಿತು. ಡೆಕ್ರಾನ್ ಮಾತ್ರ ಇಂದಿಗೂ ಬಳಕೆಯಲ್ಲಿದೆ.

ತೆರೆದ ಶಸ್ತ್ರಚಿಕಿತ್ಸೆಯ ಮೂಲ ಕ್ರಮ ಇಂದಿಗೂ ಬಹುಮಟ್ಟಿಗೆ ಅದೇ. ಪೂರ್ಣ ಅರಿವಳಿಕೆ ಕೊಟ್ಟು ಎದೆಮೂಳೆಯ ಕೆಳಗಿನಿಂದ ಹೊಕ್ಕುಳಿನ ಕೆಳಭಾಗದವರೆಗೆ ಹೊಟ್ಟೆಯನ್ನು ತೆರೆಯಲಾಗುತ್ತದೆ. ಕರುಳನ್ನು ಪಕ್ಕಕ್ಕೆ ಸರಿಸಿ, ಉಬ್ಬಿನ ಮೇಲೂ ಕೆಳಗೂ ಇಕ್ಕಳ ಹಾಕಿ ರಕ್ತದ ಹರಿವನ್ನು ನಿಲ್ಲಿಸಲಾಗುತ್ತದೆ. ಉಬ್ಬನ್ನು ಸೀಳಿ, ಒಳಗಿನ ಹೆಪ್ಪನ್ನು ತೆಗೆದು, ಕೃತಕ ನಾಳದ ಎರಡೂ ತುದಿಗಳನ್ನು ಕೈಯಿಂದ ಹೊಲಿದು, ಹಳೆಯ ಗೋಡೆಯನ್ನೇ ಅದರ ಮೇಲೆ ಹೊದಿಸಿ ಮುಚ್ಚಲಾಗುತ್ತದೆ. ಇಕ್ಕಳ ಹಾಕುವ ಮತ್ತು ಬಿಡಿಸುವ ಘಳಿಗೆಗಳಲ್ಲಿ ಹೃದಯದ ಮೇಲೆ ಬೀಳುವ ಹೊರೆ ಸಣ್ಣದಲ್ಲ. ರಕ್ತಸ್ರಾವ, ಹೃದಯಾಘಾತ, ಮೂತ್ರಪಿಂಡ ಮತ್ತು ಶ್ವಾಸಕೋಶದ ತೊಂದರೆಗಳ ಭಯ ಮೊದಲ ತಿಂಗಳಲ್ಲೇ ಹೆಚ್ಚು. ವಾರವೋ ಹತ್ತು ದಿನವೋ ಆಸ್ಪತ್ರೆಯಲ್ಲಿ ಕಳೆದು ಬಂದವರು ಮೊದಲಿನಂತಾಗಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಬಳಿಕ ಹೊಲಿಗೆಯ ಜಾಗದಲ್ಲಿ ಹರ್ನಿಯಾ ಆಗುವುದುಂಟು. ಆದರೆ ಇದೆಲ್ಲವನ್ನೂ ದಾಟಿದ ರೋಗಿಯ ಉಬ್ಬು ಮುಗಿದ ಅಧ್ಯಾಯ. ಕೈಹೊಲಿಗೆಯ ನಾಳ ದಶಕಗಳ ಕಾಲ ಬಾಳುತ್ತದೆ.

ಕಾರ್ಕಿವ್‌ನಿಂದ ಬ್ಯೂನಸ್ ಐರಿಸ್‌ಗೆ

ಗಾಯವಿಲ್ಲದೆ ಒಳಗಿನಿಂದಲೇ ನಾಳ ಕೂರಿಸುವ ಆಲೋಚನೆ ಮೊದಲು ಕಾರ್ಯರೂಪಕ್ಕೆ ಬಂದದ್ದು ಅಂದಿನ ಸೋವಿಯತ್ ಒಕ್ಕೂಟದಲ್ಲಿ. ಉಕ್ರೇನಿನ ಕಾರ್ಕಿವ್ ನಗರದ ನಿಕೊಲಾಯ್ ವೊಲೊಡೋಸ್ 1987ರಲ್ಲಿ ಎದೆಯ ಮಹಾಪಧಮನಿಗೆ ಈ ರೀತಿಯ ಚಿಕಿತ್ಸೆ ನೀಡಿದರು. ಅವರ ಬರಹಗಳು ರಷ್ಯನ್ ಭಾಷೆಯಲ್ಲಿದ್ದುದರಿಂದ ಪಶ್ಚಿಮದ ಗಮನಕ್ಕೆ ಬರಲು ವರ್ಷಗಳೇ ಬೇಕಾದವು. ಇತ್ತ ಅರ್ಜೆಂಟೀನಾದ ಹ್ವಾನ್ ಪರೋಡಿ 1990ರ ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನಲ್ಲಿ, ಹೃದಯದ ಸ್ಟೆಂಟ್‌ಗೆ ಹೆಸರಾದ ಹುಲಿಯೋ ಪಾಲ್ಮಾಜ್ ಅವರ ನೆರವಿನೊಂದಿಗೆ ಹೊಟ್ಟೆಯ ಉಬ್ಬಿಗೆ ಇದನ್ನು ಮಾಡಿ 1991ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಇದು ಜಗತ್ತಿನಾದ್ಯಂತ ಹರಡಿತು.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಈಗ ಹೆಚ್ಚುಕಡಿಮೆ ಪ್ರತಿ ಬೀದಿಯಲ್ಲೂ ಇದ್ದಾರೆ. ಮಹಾಪಧಮನಿಯ ಸ್ಟೆಂಟ್ ಗ್ರಾಫ್ಟ್ ಅದರ ದೊಡ್ಡಣ್ಣನಲ್ಲ, ಬೇರೆಯೇ ವಸ್ತು. ಹೃದಯದ ಸ್ಟೆಂಟ್ ಕಟ್ಟಿಕೊಂಡ ನಾಳವನ್ನು ತೆರೆದಿಡುವ ಬರಿಯ ಜಾಲರಿ. ಇದಾದರೋ ನಿಟಿನಾಲ್‌ನಂಥ ಲೋಹದ ಚೌಕಟ್ಟಿಗೆ ಬಟ್ಟೆ ಹೊಲಿದ ಪೂರ್ಣ ಕೊಳವೆ. ಎರಡೂ ತೊಡೆಸಂದುಗಳ ಅಪಧಮನಿಗಳಿಂದ ಕ್ಯಾತಿಟರ್ ತೂರಿಸಿ, ಎಕ್ಸ್‌ರೇ ಪರದೆಯ ಮೇಲೆ ನೋಡುತ್ತ, ಮೂತ್ರಪಿಂಡದ ನಾಳಗಳ ಕೆಳಗೆ ಅದನ್ನು ಬಿಚ್ಚಲಾಗುತ್ತದೆ. ಕೆಳತುದಿ ಪ್ಯಾಂಟಿನ ಕಾಲುಗಳಂತೆ ಎರಡಾಗಿ ಕಾಲಿನ ಕವಲುಗಳಲ್ಲಿ ಕೂರುತ್ತದೆ. ರಕ್ತ ಹೊಸ ಕೊಳವೆಯೊಳಗೇ ಹರಿಯತೊಡಗಿದಾಗ ಉಬ್ಬಿನ ಗೋಡೆಯ ಮೇಲಿನ ಒತ್ತಡ ಇಳಿಯುತ್ತದೆ. ಸ್ಥಳೀಯ ಅರಿವಳಿಕೆಯಲ್ಲೂ ಇದು ಸಾಧ್ಯ.

ಇಲ್ಲೊಂದು ಅಂಶ ಮುಖ್ಯ. ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಉಬ್ಬನ್ನು ಬದಲಾಯಿಸಲಾಗುತ್ತದೆ. ಈ ವಿಧಾನದಲ್ಲಿ ಉಬ್ಬು ಅಲ್ಲೇ ಉಳಿಯುತ್ತದೆ. ಕೊಳವೆಯನ್ನು ಹೊಲಿದಿರುವುದಿಲ್ಲ. ಚೌಕಟ್ಟಿನ ಒತ್ತುಬಲ ಮತ್ತು ಸಣ್ಣ ಕೊಕ್ಕೆಗಳ ಹಿಡಿತದ ಮೇಲೆ ಅದು ನಿಂತಿರುತ್ತದೆ. ಆದ್ದರಿಂದ ಮೂತ್ರಪಿಂಡದ ನಾಳಗಳ ಕೆಳಗೆ ಒಂದರಿಂದ ಒಂದೂವರೆ ಸೆಂ.ಮೀ. ಉದ್ದದ ಆರೋಗ್ಯವಂತ ‘ಕತ್ತು’ ಇರಬೇಕು, ಕಾಲಿನ ನಾಳಗಳು ತೀರ ಸಣ್ಣದಾಗಿಯೋ ಅಂಕುಡೊಂಕಾಗಿಯೋ ಇರಬಾರದು. ಮಹಿಳೆಯರಲ್ಲಿ ನಾಳಗಳು ಕಿರಿದಾಗಿರುವುದರಿಂದ ಅವರಿಗೆ ಈ ಅವಕಾಶ ಹೆಚ್ಚು ಸಲ ತಪ್ಪುತ್ತದೆ. ಮೂತ್ರಪಿಂಡ, ಕರುಳಿನ ನಾಳಗಳಿಗೆಂದೇ ಕಿಂಡಿಗಳನ್ನು ಬಿಟ್ಟು ತಯಾರಿಸುವ ಗ್ರಾಫ್ಟ್‌ಗಳೂ ಇವೆ. ಅವುಗಳ ಬೆಲೆ ಮತ್ತು ಕೂರಿಸುವ ಕಷ್ಟ ಎರಡೂ ಹೆಚ್ಚು.

ಮೊದಲ ತಿಂಗಳ ಗೆಲುವು, ಎಂಟನೇ ವರ್ಷದ ಲೆಕ್ಕ

2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬ್ರಿಟನ್ನಿನ ‘ಇವಾರ್-1’ ಪ್ರಯೋಗದ ಮೊದಲ ಫಲಿತಾಂಶ ಬಂತು. 60 ದಾಟಿದ, ಎರಡೂ ಚಿಕಿತ್ಸೆಗೆ ಅರ್ಹರಾದ 1082 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಗಿತ್ತು. ಮೂವತ್ತು ದಿನಗಳೊಳಗೆ ಸತ್ತವರ ಪ್ರಮಾಣ ತೆರೆದ ಶಸ್ತ್ರಚಿಕಿತ್ಸೆಯಲ್ಲಿ ಶೇ 4.7, ಸ್ಟೆಂಟ್ ಗ್ರಾಫ್ಟ್‌ನಲ್ಲಿ ಶೇ 1.7. ಅದೇ ವರ್ಷ ಬಂದ ನೆದರ್‌ಲೆಂಡ್ಸ್‌ನ ‘ಡ್ರೀಮ್’ ಪ್ರಯೋಗದಲ್ಲಿ ಅದು ಕ್ರಮವಾಗಿ ಶೇ 4.6 ಮತ್ತು ಶೇ 1.2. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ‘ಓವರ್’ ಪ್ರಯೋಗದ 881 ರೋಗಿಗಳಲ್ಲಿ ಶೇ 3 ಮತ್ತು ಶೇ 0.5. ಮೂರು ದೇಶಗಳು, ಒಂದೇ ತೀರ್ಪು. ಆಸ್ಪತ್ರೆಗಳು ಹೊಸ ವಿಧಾನದತ್ತ ವಾಲಿದ್ದರಲ್ಲಿ ಅಚ್ಚರಿಯೇನೂ ಇಲ್ಲ.

ಆದರೆ ಈ ಪ್ರಯೋಗಗಳು ಮೂವತ್ತು ದಿನಕ್ಕೆ ನಿಲ್ಲಲಿಲ್ಲ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪುಗಳಲ್ಲಿ ಬದುಕಿರುವವರ ಸಂಖ್ಯೆ ಸಮವಾಯಿತು. 2016ರಲ್ಲಿ ಪ್ರಕಟವಾದ ಇವಾರ್-1ರ ಹದಿನೈದು ವರ್ಷಗಳ ವರದಿ ಇನ್ನೂ ಮುಂದೆ ಹೋಯಿತು. ಎಂಟು ವರ್ಷ ದಾಟಿದ ಮೇಲೆ ಸ್ಟೆಂಟ್ ಗ್ರಾಫ್ಟ್ ಪಡೆದವರಲ್ಲೇ ಸಾವು ಹೆಚ್ಚು. ಅದರಲ್ಲೂ ಉಬ್ಬು ತಡವಾಗಿ ಒಡೆದು ಆದ ಸಾವುಗಳು ತೆರೆದ ಶಸ್ತ್ರಚಿಕಿತ್ಸೆಯವರಿಗಿಂತ ಹಲವು ಪಟ್ಟು ಹೆಚ್ಚು. ಅಮೆರಿಕದ ಪ್ರಯೋಗ ಇಷ್ಟು ಕಟುವಾಗಿಲ್ಲ. 2019ರಲ್ಲಿ ಬಂದ ಅದರ ದೀರ್ಘ ವರದಿಯಲ್ಲಿ ಒಟ್ಟು ಸಾವಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಮತ್ತೊಮ್ಮೆ ಚಿಕಿತ್ಸೆ ಬೇಕಾದವರು ಸ್ಟೆಂಟ್ ಗ್ರಾಫ್ಟ್ ಗುಂಪಿನಲ್ಲಿ ಶೇ 27ರಷ್ಟು, ತೆರೆದ ಗುಂಪಿನಲ್ಲಿ ಶೇ 20ರಷ್ಟು. ಈ ಪ್ರಯೋಗಗಳಲ್ಲಿ ಬಳಸಿದ್ದು ಹಿಂದಿನ ಪೀಳಿಗೆಯ ಸಾಧನಗಳು, ಇಂದಿನವು ಸುಧಾರಿಸಿವೆ ಎಂಬ ವಾದವೂ ಇದೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಹೊಸ ಸಾಧನ ಹದಿನೈದು ವರ್ಷ ಬಾಳುತ್ತದೆಯೇ ಎಂಬುದನ್ನು ಹದಿನೈದು ವರ್ಷ ಕಾಯದೆ ತಿಳಿಯುವ ಉಪಾಯವಿಲ್ಲ.

ತಡವಾಗಿ ಏಕೆ ಒಡೆಯುತ್ತದೆ? ಹೊಸ ಕೊಳವೆಯ ಹೊರಗೆ, ಹಳೆಯ ಉಬ್ಬಿನೊಳಗೆ ರಕ್ತ ಮತ್ತೆ ನುಸುಳುವುದನ್ನು ವೈದ್ಯರು ‘ಎಂಡೋಲೀಕ್’ ಎನ್ನುತ್ತಾರೆ. ಬೆನ್ನಿನತ್ತ ಹೋಗುವ ಸಣ್ಣ ಕವಲುಗಳಿಂದ ರಕ್ತ ಹಿಮ್ಮುಖವಾಗಿ ಬರುವುದು ಸಾಮಾನ್ಯ. ಅದು ಬಹುಪಾಲು ತಾನೇ ನಿಲ್ಲುತ್ತದೆ, ಉಬ್ಬು ಬೆಳೆಯುತ್ತಿದ್ದರಷ್ಟೇ ಚಿಂತೆ. ಆದರೆ ಕೊಳವೆಯ ತುದಿ ಗೋಡೆಯಿಂದ ಸರಿದರೆ ಅಥವಾ ಭಾಗಗಳ ಜೋಡಣೆ ಬಿಟ್ಟುಕೊಂಡರೆ ಹೃದಯದ ಪೂರ್ಣ ಒತ್ತಡ ಮತ್ತೆ ದುರ್ಬಲ ಗೋಡೆಯ ಮೇಲೆ ಬೀಳುತ್ತದೆ. ರೋಗಿಗೆ ಇದರ ಸುಳಿವೇ ಸಿಗದಿರಬಹುದು. ಹೀಗಾಗಿ ಒಂದು ತಿಂಗಳಿಗೆ, ವರ್ಷಕ್ಕೆ, ಅನಂತರ ಬಹುತೇಕ ಪ್ರತಿವರ್ಷ ಸಿಟಿ ಸ್ಕ್ಯಾನ್ ಅಥವಾ ಅಲ್ಟ್ರಾಸೌಂಡ್ ಬೇಕಾಗುತ್ತದೆ, ಜೀವಮಾನವಿಡೀ. ಸಿಟಿ ಸ್ಕ್ಯಾನಿಗೆ ಚುಚ್ಚುವ ಬಣ್ಣದ ದ್ರವ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಒಳ್ಳೆಯದಲ್ಲ ಎಂಬುದು ಇನ್ನೊಂದು ತೊಡಕು.

ಸಾಧನಗಳ ಚರಿತ್ರೆಯಲ್ಲಿ ಒಂದು ಕರಾಳ ಪುಟವೂ ಇದೆ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಮೊದಲ ಎರಡು ಸ್ಟೆಂಟ್ ಗ್ರಾಫ್ಟ್‌ಗಳಲ್ಲಿ ‘ಆಂಕ್ಯೂರ್’ ಒಂದು. ಅದನ್ನು ಒಳಗೆ ಒಯ್ಯುವ ಸಲಕರಣೆ ರೋಗಿಯ ದೇಹದಲ್ಲಿ ಸಿಕ್ಕಿಕೊಳ್ಳುತ್ತಿದ್ದ ಸಂಗತಿಯನ್ನು ಗೈಡೆಂಟ್ ಕಂಪನಿಯ ಅಂಗಸಂಸ್ಥೆ ಮುಚ್ಚಿಟ್ಟಿತ್ತು. 2628 ದೋಷ ಪ್ರಕರಣಗಳು ವರದಿಯಾಗಿರಲಿಲ್ಲ, ಅವುಗಳಲ್ಲಿ 12 ಸಾವುಗಳೂ ಇದ್ದವು. 2003ರ ಜೂನ್‌ನಲ್ಲಿ ಆ ಸಂಸ್ಥೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು 9.24 ಕೋಟಿ ಡಾಲರ್ ತೆತ್ತಿತು.

ವೈದ್ಯರಲ್ಲೇ ಒಮ್ಮತವಿಲ್ಲ

ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ‘ನೈಸ್’ 2018ರಲ್ಲಿ ಕರಡೊಂದನ್ನು ಹೊರಡಿಸಿ, ಒಡೆಯದ ಉಬ್ಬಿಗೆ ಸ್ಟೆಂಟ್ ಗ್ರಾಫ್ಟ್ ಬಳಸಬಾರದೆಂದಾಗ ರಕ್ತನಾಳ ತಜ್ಞರ ವಲಯದಲ್ಲಿ ಕೋಲಾಹಲವೇ ಎದ್ದಿತು. 2020ರ ಮಾರ್ಚ್‌ನಲ್ಲಿ ಬಂದ ಅಂತಿಮ ಆವೃತ್ತಿ ಮೆತ್ತಗಾಗಿತ್ತು. ತೆರೆದ ಶಸ್ತ್ರಚಿಕಿತ್ಸೆಯನ್ನು ಮೊದಲು ನೀಡಬೇಕು, ಹೊಟ್ಟೆಯಲ್ಲಿ ಬೇರೆ ತೊಡಕಿದ್ದವರಿಗೆ ಅಥವಾ ಅರಿವಳಿಕೆಯ ಅಪಾಯವಿರುವವರಿಗೆ ಸ್ಟೆಂಟ್ ಗ್ರಾಫ್ಟನ್ನು ಪರಿಗಣಿಸಬಹುದು ಎಂದಿತು. ಯುರೋಪಿನ ರಕ್ತನಾಳ ಶಸ್ತ್ರಚಿಕಿತ್ಸಕರ ಸಂಘ ಇದನ್ನು ಒಪ್ಪದೆ, ರಚನೆ ಹೊಂದುವ ಬಹುತೇಕ ರೋಗಿಗಳಿಗೆ ಸ್ಟೆಂಟ್ ಗ್ರಾಫ್ಟೇ ಮೊದಲ ಆಯ್ಕೆ, ದೀರ್ಘ ಆಯುಷ್ಯ ನಿರೀಕ್ಷೆಯಿರುವವರಿಗೆ ತೆರೆದ ಶಸ್ತ್ರಚಿಕಿತ್ಸೆ ಎಂದು 2019ರಲ್ಲೇ ಹೇಳಿತ್ತು. ಒಂದೇ ಅಂಕಿಅಂಶ, ಎರಡು ತೀರ್ಮಾನ.

ಎರಡನ್ನೂ ಎದುರುಬದುರು ಇಟ್ಟು ನೋಡಿದರೆ ವಿವಾದ ಕಾಣುವಷ್ಟು ದೊಡ್ಡದಲ್ಲ. 78 ವರ್ಷದ, ಹೃದಯ ದುರ್ಬಲವಾಗಿರುವ ವ್ಯಕ್ತಿಗೆ ಎಂಟನೇ ವರ್ಷದ ಲೆಕ್ಕಕ್ಕಿಂತ ಮೊದಲ ತಿಂಗಳನ್ನು ದಾಟುವುದು ಮುಖ್ಯ. 58 ವರ್ಷದ, ಬೇರೆ ಕಾಯಿಲೆಯಿಲ್ಲದ ವ್ಯಕ್ತಿಗೆ ಮುಂದಿನ ಇಪ್ಪತ್ತೈದು ವರ್ಷ ಮುಖ್ಯ. ಇನ್ನು ಯಾವ ಶಸ್ತ್ರಚಿಕಿತ್ಸೆಯನ್ನೂ ತಾಳಲಾರದಷ್ಟು ಬಳಲಿದವರ ವಿಷಯ. ‘ಇವಾರ್-2’ ಪ್ರಯೋಗದಲ್ಲಿ ಅಂಥವರಿಗೆ ಸ್ಟೆಂಟ್ ಗ್ರಾಫ್ಟ್ ಹಾಕಿದರೂ ಒಟ್ಟು ಆಯುಷ್ಯ ಹೆಚ್ಚಲಿಲ್ಲ. ಉಬ್ಬು ಒಡೆಯುವ ಮೊದಲೇ ಬೇರೆ ಕಾಯಿಲೆಗಳು ಅವರನ್ನು ಒಯ್ದವು. ಸಾಧ್ಯವಿದೆ ಎಂಬ ಒಂದೇ ಕಾರಣಕ್ಕೆ ಎಂಬತ್ತು ದಾಟಿದ ಅಜ್ಜನನ್ನು ಮೇಜಿನ ಮೇಲೆ ಮಲಗಿಸುವುದು ಸರಿಯಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಕಿಲ್ಲ.

ಉಬ್ಬು ಒಡೆದೇ ಬಂದವರಲ್ಲಿ ಚಿತ್ರ ಬೇರೆ. ಬ್ರಿಟನ್ನಿನ ‘ಇಂಪ್ರೂವ್’ ಪ್ರಯೋಗದ 613 ರೋಗಿಗಳಲ್ಲಿ ಮೊದಲ ತಿಂಗಳ ಸಾವು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ: ಶೇ 35.4 ಮತ್ತು ಶೇ 37.4. ಆದರೆ ಮೂರು ವರ್ಷದ ಕೊನೆಗೆ ಸ್ಟೆಂಟ್ ಗ್ರಾಫ್ಟ್ ಗುಂಪು ಮುಂದಿತ್ತು. ಮಹಿಳೆಯರಿಗೆ ವಿಶೇಷವಾಗಿ ಪ್ರಯೋಜನ ಕಂಡುಬಂತು.

ಆಯ್ಕೆಯೇ ಇಲ್ಲದ ಜಾಗಗಳು

ಇಷ್ಟೂ ಹೊಟ್ಟೆಯ ಭಾಗದ ಮಾತು. ಹೃದಯದಿಂದ ಮೇಲೇರುವ ಭಾಗ ಉಬ್ಬಿದರೆ ಅಥವಾ ಅದರ ಒಳಪದರ ಸೀಳಿದರೆ ಇಂದಿಗೂ ಎದೆ ತೆರೆಯುವುದೇ ದಾರಿ. ಪಕ್ಕದಲ್ಲೇ ಹೃದಯದ ಕವಾಟ ಮತ್ತು ಹೃದಯಕ್ಕೇ ರಕ್ತ ಕೊಡುವ ನಾಳಗಳಿರುವುದರಿಂದ ಅಲ್ಲಿ ಕೊಳವೆ ಬಿಚ್ಚಲು ಜಾಗವಿಲ್ಲ. ಬ್ರಿಟನ್ನಿನ ಎರಡನೇ ಜಾರ್ಜ್ ದೊರೆ 1760ರಲ್ಲಿ ಬೆಳಗಿನ ಶೌಚಕ್ಕೆ ಹೋದವನು ಅಲ್ಲೇ ಕುಸಿದು ಸತ್ತದ್ದು ಈ ಭಾಗದ ಸೀಳಿನಿಂದ ಎಂಬುದು ಶವಪರೀಕ್ಷೆಯಲ್ಲಿ ದಾಖಲಾಗಿದೆ. ಎದೆಯಿಂದ ಬೆನ್ನಿಗೆ, ಭುಜದ ಮೂಳೆಗಳ ನಡುವೆ ಹರಿದಂತೆ ಏಳುವ ಹಠಾತ್ ನೋವು ಇದರ ಲಕ್ಷಣ. ಹೃದಯಾಘಾತವೆಂದು ತಿಳಿದು ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ ಅನಾಹುತವಾಗಬಹುದು.

ಎದೆಯಿಂದ ಕೆಳಗಿಳಿಯುವ ಭಾಗದಲ್ಲಿ ಮಾತ್ರ ಸ್ಟೆಂಟ್ ಗ್ರಾಫ್ಟ್ ನಿಜಕ್ಕೂ ಕ್ರಾಂತಿ ಮಾಡಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮೈಕೆಲ್ ಡೇಕ್ ತಂಡ 1992ರಲ್ಲಿ ಇದನ್ನು ಆರಂಭಿಸಿತು. ಎಡಪಕ್ಕೆಲುಬುಗಳ ನಡುವೆ ದೊಡ್ಡ ಗಾಯ ಮಾಡಿ ನಡೆಸುತ್ತಿದ್ದ ಶಸ್ತ್ರಚಿಕಿತ್ಸೆಯ ಭಾರ ಅಷ್ಟಿತ್ತು. ರಸ್ತೆ ಅಪಘಾತದಲ್ಲಿ ಎದೆಗೆ ಪೆಟ್ಟು ಬಿದ್ದು ಮಹಾಪಧಮನಿ ಹರಿದವರಿಗೂ ಈಗ ಇದೇ ಮೊದಲ ಆಯ್ಕೆ. ಆದರೆ ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ನಾಳಗಳು ಮುಚ್ಚಿಹೋಗಿ ಕಾಲುಗಳ ಬಲ ಹೋಗುವ ಅಪಾಯ ಎರಡೂ ವಿಧಾನಗಳಲ್ಲಿದೆ.

ಮಾರ್ಫಾನ್‌ನಂಥ ವಂಶವಾಹಿ ಕಾಯಿಲೆಯವರಲ್ಲಿ ನಾಳದ ಗೋಡೆಯೇ ಹುಟ್ಟಿನಿಂದ ದುರ್ಬಲ. ಸ್ಟೆಂಟಿನ ನಿರಂತರ ಒತ್ತುಬಲವನ್ನು ಅದು ತಾಳದು. ಅವರಿಗೆ ತೆರೆದ ಶಸ್ತ್ರಚಿಕಿತ್ಸೆಯೇ ಯೋಗ್ಯ. ಗೋಡೆಗೆ ಸೋಂಕು ತಗುಲಿದಾಗಲೂ ಅಲ್ಲಿ ಬಟ್ಟೆಯ ಕೊಳವೆ ಬಿಟ್ಟುಬರಲು ವೈದ್ಯರು ಹಿಂಜರಿಯುತ್ತಾರೆ.

ನಮ್ಮಲ್ಲಿ ಕೇಳಬೇಕಾದ ಪ್ರಶ್ನೆಗಳು

ಈ ಪ್ರಯೋಗಗಳೆಲ್ಲ ನಡೆದದ್ದು ಪಶ್ಚಿಮದ ಹಿರಿಯ ವಯಸ್ಸಿನ ಧೂಮಪಾನಿಗಳಲ್ಲಿ. ಭಾರತದಲ್ಲಿ ಮಹಾಪಧಮನಿಯ ರೋಗಿಗಳ ನಡುವೆ ಎಳೆಯರೂ ಇದ್ದಾರೆ. ಜಪಾನಿನ ನೇತ್ರತಜ್ಞ ಮಿಕಿಟೊ ತಕಯಾಸು 1908ರಲ್ಲಿ ವರ್ಣಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ಕಾಯಿಲೆ ಭಾರತ ಸೇರಿದಂತೆ ಏಷ್ಯಾದಲ್ಲಿ ಯುವತಿಯರನ್ನು ಹೆಚ್ಚಾಗಿ ಕಾಡುತ್ತದೆ. ನಾಳದ ಗೋಡೆ ಉರಿಯೂತದಿಂದ ದಪ್ಪಗಾಗಿ ಕಿರಿದಾಗುತ್ತದೆ, ಕೆಲವರಲ್ಲಿ ಉಬ್ಬುತ್ತದೆ. ಉರಿಯೂತ ಔಷಧದಿಂದ ತಣಿಯುವ ಮೊದಲು ಯಾವ ವಿಧಾನದಲ್ಲಿ ಕೈಹಾಕಿದರೂ ಫಲ ಚೆನ್ನಾಗಿರುವುದಿಲ್ಲ. ಮೂವತ್ತು ವರ್ಷದ ಮಹಿಳೆಗೆ ಹಾಕಿದ ಕೊಳವೆ ನಲವತ್ತು ವರ್ಷ ಬಾಳಬೇಕು ಎಂಬ ಮಾತನ್ನೂ ಅಲ್ಲಿ ಮರೆಯುವಂತಿಲ್ಲ.

ಹಣದ ವಿಷಯ ಬಂದಾಗ, 2017ರ ಫೆಬ್ರವರಿಯಲ್ಲಿ ಕೇಂದ್ರವು ಬೆಲೆಮಿತಿ ಹಾಕಿದ್ದು ಹೃದಯದ ಸ್ಟೆಂಟ್‌ಗಳಿಗೆ ಎಂಬುದನ್ನು ಗಮನಿಸಬೇಕು. ಮಹಾಪಧಮನಿಯ ಗ್ರಾಫ್ಟ್ ಬೇರೆ ಸಾಧನ. ಅದೊಂದಕ್ಕೇ ಹಲವು ಲಕ್ಷ ರೂಪಾಯಿ ಬೇಕಾಗುತ್ತದೆ. ತೆರೆದ ಶಸ್ತ್ರಚಿಕಿತ್ಸೆಯ ಡೆಕ್ರಾನ್ ನಾಳ ಅದರ ಮುಂದೆ ಅಗ್ಗ, ಆದರೆ ತೀವ್ರ ನಿಗಾ ಘಟಕದ ದಿನಗಳ ಖರ್ಚು ಸೇರುತ್ತದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ತಮಗೆ ಸೂಚಿಸಿದ ವಿಧಾನಕ್ಕೆ, ಸೂಚಿಸಿದ ಸಾಧನಕ್ಕೆ ಎಷ್ಟು ಮೊತ್ತ ಮಂಜೂರಾಗುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಿಂದ ತಿಳಿದುಕೊಳ್ಳುವುದು ಲೇಸು.

ಬಿಲ್ಲಿನಲ್ಲಿ ಕಾಣದ ಖರ್ಚು ಇನ್ನೊಂದಿದೆ. ಬೀದರಿನಿಂದಲೋ ಸಾಗರದಿಂದಲೋ ಬೆಂಗಳೂರಿಗೆ ಬಂದು ಸ್ಟೆಂಟ್ ಗ್ರಾಫ್ಟ್ ಹಾಕಿಸಿಕೊಂಡವರು ಪ್ರತಿವರ್ಷ ಸ್ಕ್ಯಾನ್ ಮಾಡಿಸಬೇಕು, ಅದನ್ನು ಓದಬಲ್ಲ ತಜ್ಞರಿಗೆ ತೋರಿಸಬೇಕು. ಮೊದಲೆರಡು ವರ್ಷ ಶ್ರದ್ಧೆಯಿಂದ ಬಂದವರು ಮೈ ಹಗುರವಾಗಿದೆಯೆಂದು ಮೂರನೇ ವರ್ಷ ಬಿಟ್ಟರೆ, ಸೋರಿಕೆ ಆರಂಭವಾದರೂ ಯಾರಿಗೂ ತಿಳಿಯುವುದಿಲ್ಲ. ಹೀಗೆ ಬರಲಾಗದ ರೋಗಿ ಹಾಗೂ ತೆರೆದ ಶಸ್ತ್ರಚಿಕಿತ್ಸೆ ತಾಳಬಲ್ಲ ರೋಗಿ ಒಬ್ಬರೇ ಆಗಿದ್ದರೆ, ದೊಡ್ಡ ಗಾಯವೇ ಕ್ಷೇಮ ಎನ್ನುವುದಕ್ಕೆ ಕಾರಣವಿದೆ. ಈ ಆಸ್ಪತ್ರೆಯಲ್ಲಿ ಎರಡೂ ವಿಧಾನಗಳು ನಿಯತವಾಗಿ ನಡೆಯುತ್ತವೆಯೇ, ನನ್ನ ಉಬ್ಬಿನ ಕತ್ತು ಎಷ್ಟು ಉದ್ದವಿದೆ, ಮುಂದಿನ ಸ್ಕ್ಯಾನುಗಳನ್ನು ಜಿಲ್ಲಾ ಕೇಂದ್ರದಲ್ಲೇ ಮಾಡಿಸಿ ಕಳುಹಿಸಬಹುದೇ ಎಂದು ಕೇಳಲು ರೋಗಿ ಸಂಕೋಚಪಡಬೇಕಾಗಿಲ್ಲ. ಒಂದೇ ವಿಧಾನ ಬಲ್ಲ ಕಡೆ ಸಿಗುವ ಸಲಹೆಯೂ ಸಾಮಾನ್ಯವಾಗಿ ಒಂದೇ ಆಗಿರುತ್ತದೆ.

ಉಬ್ಬು ಇದೆಯೆಂದು ಗೊತ್ತಾದವರು ಔಷಧ ಅಂಗಡಿಯಲ್ಲೂ ಎಚ್ಚರ ವಹಿಸಬೇಕು. ಸಿಪ್ರೋಫ್ಲಾಕ್ಸಸಿನ್, ಲಿವೋಫ್ಲಾಕ್ಸಸಿನ್‌ನಂಥ ಆ್ಯಂಟಿಬಯಾಟಿಕ್‌ಗಳು ಮಹಾಪಧಮನಿ ಒಡೆಯುವ ಅಥವಾ ಸೀಳುವ ಅಪಾಯವನ್ನು ಹೆಚ್ಚಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರಿನಲ್ಲಿ ಎಚ್ಚರಿಸಿತು. ಬೇರೆ ಔಷಧ ಇಲ್ಲದಿದ್ದಾಗ ಮಾತ್ರ ಇಂಥವರಿಗೆ ಅವನ್ನು ಕೊಡಬೇಕೆಂಬುದು ಅದರ ಸೂಚನೆ. ನಮ್ಮಲ್ಲಿ ಮೂತ್ರದ ಉರಿಗೂ ಹೊಟ್ಟೆಕೆಟ್ಟದ್ದಕ್ಕೂ ಚೀಟಿಯಿಲ್ಲದೆ ಕೊಳ್ಳುವ ಮಾತ್ರೆಗಳು ಬಹುಪಾಲು ಇವೇ. ಮನೆಯಲ್ಲೊಬ್ಬರಿಗೆ ಉಬ್ಬು ಪತ್ತೆಯಾದರೆ, ಐವತ್ತು ದಾಟಿದ ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಮತ್ತು ಮಕ್ಕಳು ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳುವುದು ಒಳಿತು. ಅದಕ್ಕೆ ಹಿಡಿಯುವುದು ಹತ್ತು ಹದಿನೈದು ನಿಮಿಷ.